ಹಿಮವಾಹನದ ಪೂರಕ-ರೇಚಕ

ಹಿಮವೆಂಬುದು ದೂರದಿಂದ ನೋಡತಕ್ಕವರಿಗೆ ಒಂದು ಸೊಬಗು; ಅದರ ನಡುವೆ ಸಂಸಾರ ಹೂಡಿರುವವರಿಗೆ ವರ್ಷದಲ್ಲಿ ನಾಲ್ಕೈದು ತಿಂಗಳು ಬಾಗಿಲಿಗೆ ಹಾಕಿದ ಅಗುಳಿ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ವಾಲ್‌ಕೂರ್ ಎಂಬ ಊರುಂಟು. 1934ರ ಚಳಿಗಾಲದಲ್ಲಿ ಅಲ್ಲಿಯ ಯಂತ್ರಶಿಲ್ಪಿಯಾದ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೇ ಎಂಬಾತನ ಎರಡು ವರ್ಷದ ಮಗುವಿಗೆ ಹೊಟ್ಟೆಯೊಳಗಣ ಬಾವು ಉಲ್ಬಣಿಸಿತು. ಆಸ್ಪತ್ರೆಯಿದ್ದುದು ಸುಮಾರು 50 ಕಿಲೋಮೀಟರು ದೂರದ ಷೆರ್‌ಬ್ರೂಕ್ ಪಟ್ಟಣದಲ್ಲಿ. ದಾರಿಯೆಲ್ಲ ಹಿಮದಲ್ಲಿ ಹೂತುಹೋಗಿತ್ತು. ತಂದೆಯ ಕೈಯಲ್ಲಿ ಸಕಲ ಆಯುಧಗಳೂ ವಿದ್ಯೆಯೂ ಇದ್ದು, ಮಗುವನ್ನು ಸಾಗಿಸುವ ಬಂಡಿಯೊಂದು ಮಾತ್ರ ಇಲ್ಲದೆ, ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಬಂಡಿಯ ಯೋಚನೆ ಆತನಿಗೆ ಹೊಸದಲ್ಲ. 1922ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿಯೇ, ಅಂಥದೊಂದನ್ನು ಕಟ್ಟಿ ಓಡಿಸಿದ್ದನು. ಮಗುವಿನ ಮರಣಾನಂತರ ಅದೇ ಆತನ ಬಾಳಿನ ಕೆಲಸವಾಯಿತು. 1937ರಲ್ಲಿ ತನ್ನ ಹಿಮಶಕಟಕ್ಕೆ ಸರ್ಕಾರದ ಹಕ್ಕುಪತ್ರವನ್ನು ಪಡೆದನು. 1959ರಲ್ಲಿ ಒಬ್ಬಿಬ್ಬರು ಏರಿ ಹೋಗಬಹುದಾದ ‘ಸ್ಕೀ-ಡೂ’ ಎಂಬ ಹಗುರವಾದ ಬಂಡಿಯನ್ನು ಮಾರಾಟಕ್ಕೆ ತಂದನು.

ಸ್ನೋಮೊಬೈಲ್ ಎಂದು ಆ ದೇಶಗಳಲ್ಲಿ ಹೆಸರಾದ ಈ ಹಿಮವಾಹನದ ರೂಪವು ಸರಳವಾದುದು. ಮುಂದೆ ಎರಡು ಜಾರುಹಲಗೆಗಳು, ಹಿಂದೆ ಹಿಮವನ್ನು ಹಿಡಿದು ತಳ್ಳುವ ಅಗಲವಾದ ರಬ್ಬರಿನ ಪಟ್ಟಿ, ನಡುವೆ ಕುದುರೆಯ ಜೀನಿನಂಥ ಆಸನ, ಆಸನದ ಮುಂದುಗಡೆ ಯಂತ್ರ. ಇಷ್ಟರಿಂದಲೇ ಮನುಷ್ಯನು ಹಿಂದೆಂದೂ ಚಳಿಗಾಲದಲ್ಲಿ ಮುಟ್ಟದಿದ್ದ ಎಡೆಗಳನ್ನು ಮುಟ್ಟಿದನು. ಅಮೆರಿಕದ ಮಿನೆಸೋಟ ಸಂಸ್ಥಾನದ ರೋಸೋ ಎಂಬ ಸಣ್ಣ ಊರಿನಲ್ಲಿ ಇಂಥ ಬಂಡಿಗಳನ್ನು ಕಟ್ಟುತ್ತಿದ್ದ ಎಡ್ಗರ್ ಹೆಟೀನ್ ಎಂಬಾತನು 1960ರಲ್ಲಿ ಅಲಾಸ್ಕದ ಹಿಮಭೂಮಿಯಲ್ಲಿ ಸಾವಿರ ಮೈಲಿಗೂ ಮಿಗಿಲಾದ ದಾರಿಯನ್ನು ಕ್ರಮಿಸಿ ತೋರಿಸಿದನು. ಅದೇ ಸಂಸ್ಥಾನದಲ್ಲಿ ವಿಮೆಯ ವ್ಯವಹಾರ ಮಾಡುತ್ತಿದ್ದ ರಾಲ್ಫ್ ಪ್ಲೇಸ್ಟೆಡ್ ಎಂಬಾತನು ಸಂಗಡಿಗರೊಡನೆ 1968ರ ಏಪ್ರಿಲಿನಲ್ಲಿ ಇಂಥ ವಾಹನಗಳನ್ನೇರಿ ಉತ್ತರಧ್ರುವವನ್ನೇ ಸೇರಿದನು. ಆದರೆ ಆ ಯಾತ್ರೆಯಲ್ಲಿ ಪೆಟ್ರೋಲನ್ನು ವಿಮಾನಗಳು ತಂದು ಒದಗಿಸುತ್ತಿದ್ದುವೆಂಬುದನ್ನು ಮರೆಯಲಾಗದು. ಎಷ್ಟು ದೂರ ಹೋಗಬಹುದೆಂಬುದನ್ನು ಯಂತ್ರದ ಬಲವು ನಿಶ್ಚಯಿಸುವುದಿಲ್ಲ. ತೊಟ್ಟಿಯಲ್ಲಿರುವ ಎಣ್ಣೆಯೂ, ಒಂದೊಂದು ಗ್ಯಾಲನ್ನಿಗೆ ಬರುವ ಮೈಲಿಯೂ ನಿಶ್ಚಯಿಸುತ್ತವೆ. ಈ ಲೆಕ್ಕವನ್ನು ಮರೆತು ಬಲವನ್ನೊಂದನ್ನೇ ಬಯಸಿದರೆ ಏನಾಗುವುದು, ಲೆಕ್ಕವನ್ನೊಂದನ್ನೇ ನೋಡಿ ಯಂತ್ರದ ಸ್ವಭಾವವನ್ನು ಮರೆತರೆ ಏನಾಗುವುದು ಎಂಬುದೇ ಇಲ್ಲಿಯ ವಿಚಾರ.

1960ರ ದಶಕದಿಂದೀಚೆಗೆ ಬಹುಕಾಲ ಈ ವಾಹನಗಳಲ್ಲಿ ಹೆಚ್ಚಾಗಿ ಇದ್ದುದು ಟೂ-ಸ್ಟ್ರೋಕ್ ಎಂಬ ಜಾತಿಯ ಯಂತ್ರ. ಕನ್ನಡ ನಾಡಿನ ವಾಚಕರಿಗೆ ಇದು ಅಪರಿಚಿತವಲ್ಲ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರ ವರೆಗೆ ತಯಾರಾದ ಜಾವಾ, ಯೆಜ್ದಿ ಮೋಟಾರು ಸೈಕಲ್ಲುಗಳು ಇದೇ ಜಾತಿಯವು. ಅವುಗಳ ಹಿಂದೆ ಎದ್ದ ನೀಲಿಯ ಹೊಗೆಯನ್ನೂ, ಪೆಟ್ರೋಲಿನೊಡನೆ ಎಣ್ಣೆಯನ್ನು ಅಳೆದು ಬೆರೆಸಿ ಹಾಕಿಸಿಕೊಳ್ಳುತ್ತಿದ್ದ ಸವಾರರನ್ನೂ ಕಂಡವರು ಇನ್ನೂ ಬಹಳ ಮಂದಿ ಇದ್ದಾರೆ. ಈ ಯಂತ್ರದಲ್ಲಿ ತೆರೆದು ಮುಚ್ಚುವ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ನು ಮೇಲೆ ಕೆಳಗೆ ಆಡುತ್ತ ತಾನೇ ಅವುಗಳನ್ನು ತೆರೆಯುವುದು, ತಾನೇ ಮುಚ್ಚುವುದು. ಸುಟ್ಟ ಹೊಗೆ ಹೊರಗೆ ಹೋಗುವುದೂ ಹೊಸ ಮಿಶ್ರಣ ಒಳಗೆ ಬರುವುದೂ ಬಹುಮಟ್ಟಿಗೆ ಒಂದೇ ಕಾಲದಲ್ಲಿ ನಡೆಯುವುವು.

ಯೋಗಶಾಸ್ತ್ರವನ್ನು ಬಲ್ಲವರು ಉಸಿರನ್ನು ಒಳಗೆ ತುಂಬುವುದಕ್ಕೆ ಪೂರಕವೆಂದೂ, ತಡೆದು ನಿಲ್ಲಿಸುವುದಕ್ಕೆ ಕುಂಭಕವೆಂದೂ, ಹೊರಬಿಡುವುದಕ್ಕೆ ರೇಚಕವೆಂದೂ ಹೇಳುವರು. ಈ ಯಂತ್ರಕ್ಕೂ ಇವು ಮೂರೂ ಉಂಟು. ಕಾರ್ಬುರೇಟರೆಂಬುದು ಅದರ ಮೂಗು. ಅಲ್ಲಿ ಗಾಳಿಯೂ ಪೆಟ್ರೋಲಿನ ಹನಿಗಳೂ ಕೂಡಿ ಒಳಗೆ ಹೋಗುವುವು. ಸಿಲಿಂಡರಿನಲ್ಲಿ ಅದು ಅದುಮಿ ಉರಿಯುವುದು. ಉರಿದ ಹೊಗೆ ಒಂದು ಕೊಳವೆಯ ಮೂಲಕ ಹೊರಬೀಳುವುದು. ಆ ಕೊಳವೆಯನ್ನು ಜನರು ಸಾಮಾನ್ಯವಾಗಿ ಒಂದು ಬಚ್ಚಲ ಮೋರಿಯಂತೆ ಎಣಿಸುವರು: ಬೇಡವಾದುದನ್ನು ಹೊರಗೆ ಹಾಕಿದರೆ ಅದರ ಕೆಲಸ ಮುಗಿಯಿತು, ಅದನ್ನು ಬದಲಾಯಿಸಿದರೆ ಒಳಗಿನದಕ್ಕೆ ಏನಾಗಬೇಕು ಎಂದು. ಈ ಎಣಿಕೆಯಿಂದಲೇ ಕೇಡೆಲ್ಲ ಆರಂಭವಾಗುವುದು. ಏಕೆಂದರೆ ಟೂ-ಸ್ಟ್ರೋಕ್ ಯಂತ್ರದಲ್ಲಿ ರೇಚಕವೇ ಪೂರಕವನ್ನು ಆಳುವುದು.

ಈ ತತ್ತ್ವವನ್ನು ಎಲ್ಲರಿಗಿಂತ ಚೆನ್ನಾಗಿ ಕೈವಶ ಮಾಡಿಕೊಂಡವನು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಆತನು 1950ರ ದಶಕದಲ್ಲಿ ಚೊಪಾವ್ ಎಂಬ ಊರಿನ ಎಂ.ಜೆಡ್. ಕಾರ್ಖಾನೆಯಲ್ಲಿ ಪಂದ್ಯದ ಮೋಟಾರು ಸೈಕಲ್ಲುಗಳ ಕೆಲಸವನ್ನು ನಡೆಸುತ್ತಿದ್ದನು. ಹಣವೂ ಸಾಮಗ್ರಿಯೂ ಸಾಲದ ಆ ಕಾರ್ಖಾನೆಯಲ್ಲಿ, ಹೊಗೆಕೊಳವೆಯ ಉದ್ದವನ್ನೂ ಉಬ್ಬನ್ನೂ ಇಳಿಜಾರನ್ನೂ ಲೆಕ್ಕ ಹಾಕಿ ತಿದ್ದಿ ತಿದ್ದಿ, 1961ರ ಹೊತ್ತಿಗೆ ಕೇವಲ 125 ಸಿ.ಸಿ. ಯಂತ್ರದಿಂದ 25 ಅಶ್ವಶಕ್ತಿಯನ್ನು ಹೊರಡಿಸಿದನು. ಎಂದರೆ ಲೀಟರೊಂದಕ್ಕೆ 200. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆತನ ಸವಾರನಾದ ಎರ್ನ್ಸ್ಟ್ ಡೆಗ್ನರ್ ಎಂಬಾತನು ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ಸ್ವದೇಶವನ್ನು ತೊರೆದು ಓಡಿಹೋಗಿ, ಆ ವಿದ್ಯೆಯೊಡನೆ ಜಪಾನಿನ ಸುಝುಕಿ ಸಂಸ್ಥೆಯನ್ನು ಸೇರಿದನು. 1962ರಲ್ಲಿ 50 ಸಿ.ಸಿ. ವರ್ಗದ ವಿಶ್ವವಿಜಯವನ್ನು ಅವರಿಗೆ ಗಳಿಸಿಕೊಟ್ಟನು. ಹೊಟ್ಟೆ ಉಬ್ಬಿದ ಆ ಕೊಳವೆಯು ಹೀಗೆ ಲೋಕದಲ್ಲೆಲ್ಲ ಹರಡಿ, ಹಿಮವಾಹನಗಳ ಮೂತಿಯೊಳಕ್ಕೂ ಬಂದು ಸೇರಿತು.

ಅದು ಕೆಲಸ ಮಾಡುವ ಬಗೆಯೇನೆಂದರೆ— ಹೊಗೆಯ ಕಿಂಡಿ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯೊಳಗೆ ಓಡುವುದು. ಕೊಳವೆ ಅಗಲವಾಗುತ್ತ ಹೋಗುವ ಕಡೆಯಲ್ಲಿ ಆ ಅಲೆಗೆ ಪ್ರತಿಯಾಗಿ ಹೀರುವ ಅಲೆಯೊಂದು ಹಿಂದಕ್ಕೆ ಬಂದು, ಸುಟ್ಟ ಹೊಗೆಯನ್ನೆಲ್ಲ ಸೆಳೆಯುವುದು. ಅದರ ಬೆನ್ನಿಗೇ ಹೊಸ ಮಿಶ್ರಣವನ್ನೂ ಒಳಕ್ಕೆ ಎಳೆಯುವುದು. ಹೀಗೆ ಎಳೆದ ರಭಸಕ್ಕೆ ಹೊಸ ಮಿಶ್ರಣದಲ್ಲಿ ಒಂದಿಷ್ಟು ಕೊಳವೆಗೂ ಚೆಲ್ಲಿಹೋಗುವುದು. ಅಷ್ಟರಲ್ಲಿ ಮೊದಲ ಅಲೆಯು ಕೊಳವೆ ಕಿರಿದಾಗುವ ಇನ್ನೊಂದು ಕಡೆಯನ್ನು ಮುಟ್ಟಿ, ಗೋಡೆಗೆ ಹೊಡೆದ ಚೆಂಡಿನಂತೆ ಹಿಂದಿರುಗಿ, ಚೆಲ್ಲಿದ ಮಿಶ್ರಣವನ್ನು ಮರಳಿ ಸಿಲಿಂಡರಿಗೆ ತಳ್ಳುವುದು. ಒಡನೆಯೇ ಕಿಂಡಿ ಮುಚ್ಚುವುದು. ನಿಮಿಷಕ್ಕೆ 8,000 ಸುತ್ತು ತಿರುಗುವ ಯಂತ್ರದಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲವು ಸೆಕೆಂಡಿನ ಸಾವಿರದ ಏಳೂವರೆ ಭಾಗ. ಆ ಅವಧಿಯ ಒಂದು ತುಣುಕಿನಲ್ಲಿ ಈ ವ್ಯಾಪಾರವೆಲ್ಲ ಮುಗಿಯಬೇಕು. ಅಲೆಯು ಸ್ವಲ್ಪ ಮುಂಚೆ ಬಂದರೂ ವ್ಯರ್ಥ, ಸ್ವಲ್ಪ ತಡವಾದರೂ ವ್ಯರ್ಥ. ಆದಕಾರಣ ಪ್ರತಿಯೊಂದು ಕೊಳವೆಗೂ ತನ್ನದೇ ಆದ ಒಂದು ವೇಗವುಂಟು. ಆ ವೇಗದಲ್ಲಿ ಮಾತ್ರ ಅದು ಪೂರ್ಣವಾಗಿ ಫಲಿಸುವುದು.

ಕಾರ್ಖಾನೆಯವರು ಬಂಡಿಯೊಡನೆ ಕೊಡುವ ಕೊಳವೆಯು ಎಲ್ಲರಿಗೂ ಒಪ್ಪುವಂತೆ ಮಾಡಿದ ರಾಜಿ. ಅದು ತಕ್ಕಷ್ಟು ಮೌನವಾಗಿರಬೇಕು, ತಕ್ಕಷ್ಟು ಮೈಲಿ ಕೊಡಬೇಕು, ಅಜ್ಞನ ಕೈಯಲ್ಲಿಯೂ ಕೆಡದಿರಬೇಕು. ಇದರಿಂದ ತೃಪ್ತಿಪಡದವರಿಗಾಗಿ ಹೊರಗಿನ ಬೇರೆ ಶಿಲ್ಪಿಗಳು ಕೊಳವೆಗಳನ್ನು ಮಾಡಿ ಮಾರುವರು. ಇವು ಹಗುರ, ಮೇಲಣ ವೇಗಗಳಲ್ಲಿ ಬಲವನ್ನು ಹೆಚ್ಚಿಸತಕ್ಕವು. ಹೆಚ್ಚಿನ ಬಲವೆಂದರೆ ಸುತ್ತೊಂದಕ್ಕೆ ಹೆಚ್ಚಿನ ಗಾಳಿ. ಹೆಚ್ಚಿನ ಗಾಳಿಗೆ ಹೆಚ್ಚಿನ ಪೆಟ್ರೋಲು. ಆ ಪೆಟ್ರೋಲನ್ನು ಅಳೆದು ಕೊಡತಕ್ಕದ್ದು ಕಾರ್ಬುರೇಟರಿನೊಳಗಣ ಜೆಟ್ಟು. ಎಂದರೆ ನಡುವೆ ಕೂದಲೆಳೆಯ ಲೆಕ್ಕದಲ್ಲಿ ರಂಧ್ರ ಕೊರೆದ ಒಂದು ಹಿತ್ತಾಳೆಯ ಚೂರು. ಬೆರಳ ತುದಿಯಲ್ಲಿ ಹಿಡಿಯಬಹುದಾದ ಈ ಚೂರಿನ ಮೇಲೆ ಅದರ ಅಳತೆಯ ಅಂಕೆಯನ್ನು ಕೊರೆದಿರುತ್ತಾರೆ. ಅಂಕೆ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು ಹರಿಯುವುದು.

ಆದರೆ ಕಾರ್ಬುರೇಟರಿನಲ್ಲಿ ಕೊಡುಗೈ ಒಂದೇ ಅಲ್ಲ, ಮೂರುಂಟು. ನಿಂತಲ್ಲಿ ಮೆಲ್ಲನೆ ಓಡುವಾಗಲೂ, ಕೈಪಿಡಿಯನ್ನು ಕಾಲುಭಾಗದ ವರೆಗೆ ಒತ್ತಿದಾಗಲೂ ‘ಪೈಲಟ್’ ಎಂಬ ಸಣ್ಣ ಜೆಟ್ಟು ಪೆಟ್ರೋಲು ಕೊಡುವುದು. ಅಲ್ಲಿಂದ ಮುಕ್ಕಾಲು ಭಾಗದ ವರೆಗೆ ಒಂದು ಮೊನಚಾದ ಸೂಜಿ ಏರುತ್ತ ಇಳಿಯುತ್ತ ಅಳತೆಯನ್ನು ನಡೆಸುವುದು; ಆ ಸೂಜಿಯ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿದ್ದು, ಸಣ್ಣ ಕೊಂಡಿಯನ್ನು ಒಂದು ಗೀರಿನಿಂದ ಇನ್ನೊಂದಕ್ಕೆ ಸರಿಸಿ ಸೂಜಿಯನ್ನು ಎತ್ತಬಹುದು, ಇಳಿಸಬಹುದು. ಮುಕ್ಕಾಲಿನಿಂದ ಪೂರ್ಣದ ವರೆಗೆ ಆಳತಕ್ಕದ್ದು ‘ಮೇನ್ ಜೆಟ್ಟು’, ಎಂದರೆ ಪ್ರಧಾನವಾದುದು. ಹೆಸರು ಪ್ರಧಾನವಾದರೂ ಅದರ ಆಡಳಿತವು ಪೂರ್ಣವೇಗದಲ್ಲಿ ಮಾತ್ರ ಎಂಬುದು ನೆನಪಿನಲ್ಲಿಡತಕ್ಕ ಮಾತು. ಮುಂದೆ ಬರುವ ಕಥೆಯ ಬೀಗವೂ ಬೀಗದ ಕೈಯೂ ಇದೇ.

ಇದಕ್ಕೆ ಚಳಿಯೂ ಸೇರಿಕೊಳ್ಳುವುದು. ಗಾಳಿ ತಣ್ಣಗಾದಷ್ಟೂ ಸಾಂದ್ರವಾಗುವುದು. ಶೂನ್ಯಕ್ಕಿಂತ 5 ಡಿಗ್ರಿ ಸೆಂಟಿಗ್ರೇಡು ಕೆಳಗಿರುವ ಮಧ್ಯಾಹ್ನದ ಗಾಳಿಗಿಂತ, 30 ಡಿಗ್ರಿ ಕೆಳಗಿರುವ ರಾತ್ರಿಯ ಗಾಳಿಯು ಅದೇ ಅಳತೆಯ ಪಾತ್ರೆಯಲ್ಲಿ ನೂರಕ್ಕೆ ಹತ್ತು ಪಾಲು ಹೆಚ್ಚು ಹಿಡಿಯುವುದು. ಮಧ್ಯಾಹ್ನಕ್ಕೆ ಸರಿಯಾದ ಜೆಟ್ಟು ರಾತ್ರಿಗೆ ಸಣ್ಣದಾಗುವುದು. ಎತ್ತರದ ಬೆಟ್ಟಗಳಲ್ಲಿ ಗಾಳಿ ವಿರಳವಾದುದರಿಂದ ಅಲ್ಲಿ ಇದಕ್ಕೆ ವಿಪರೀತ. ಆದಕಾರಣವೇ ಬಂಡಿಯೊಡನೆ ಕಾರ್ಖಾನೆಯವರು ಒಂದು ಕೋಷ್ಟಕವನ್ನು ಕೊಡುವರು: ಒಂದು ಕಡೆ ಶೀತ, ಇನ್ನೊಂದು ಕಡೆ ಎತ್ತರ, ಎರಡೂ ಕೂಡುವಲ್ಲಿ ಜೆಟ್ಟಿನ ಅಂಕೆ. ಹೊರಗಿನ ಕೊಳವೆಯನ್ನು ತಂದು ಹಾಕಿದೊಡನೆ ಈ ಕೋಷ್ಟಕವು ಹಳೆಯ ವರ್ಷದ ಪಂಚಾಂಗವಾಗುವುದು. ಹೊಸ ಕೊಳವೆಯವರು ಕೊಟ್ಟ ಹೊಸ ಲೆಕ್ಕವನ್ನು ಹಿಡಿಯಬೇಕು.

ಮಿನೆಸೋಟದ ಉತ್ತರದ ಅಂಚಿನಲ್ಲಿ ಲೇಕ್ ಆಫ್ ದ ವುಡ್ಸ್ ಎಂಬ ಮಹಾಸರೋವರವಿದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ದಿಗಂತದ ವರೆಗೆ ಬಿಳಿಯ ಬಯಲಾಗುವುದು. ಅದರ ಮೇಲೆ ಹಿಮವಾಹನಗಳ ದಾರಿಗಳನ್ನು ಗುರುತು ಹಾಕಿರುತ್ತಾರೆ. ಮೀನು ಹಿಡಿಯುವವರು ಮಂಜುಗಡ್ಡೆಯ ಮೇಲೆಯೇ ಸಣ್ಣ ಗುಡಿಸಲುಗಳನ್ನು ತಂದು ನಿಲ್ಲಿಸಿ ದಿನಗಟ್ಟಲೆ ಇರುತ್ತಾರೆ. ಆ ದಡದ ಊರೊಂದರಲ್ಲಿ ಒಬ್ಬ ತರುಣನಿದ್ದನೆಂದು ಭಾವಿಸಬಹುದು. ಆ ಸೀಮೆಯಲ್ಲಿ ಅಂಥವರು ಅಪರೂಪವಲ್ಲ, ಅವನಿಗೆ ಆದದ್ದು ಅನೇಕರಿಗೆ ಆದದ್ದೇ. ಅವನಲ್ಲಿ ಎರಡು ಸಿಲಿಂಡರಿನ, ಎರಡು ಕಾರ್ಬುರೇಟರಿನ ಹಳೆಯ ಬಂಡಿಯೊಂದಿತ್ತು. ತೊಟ್ಟಿಯಲ್ಲಿ ಹಿಡಿಯುವುದು 11 ಗ್ಯಾಲನ್; ಅಮೆರಿಕದ ಗ್ಯಾಲನ್ನೆಂದರೆ ಸುಮಾರು ಮೂರು ಮುಕ್ಕಾಲು ಲೀಟರು. ಗ್ಯಾಲನ್ನಿಗೆ 13 ಮೈಲಿ ಬರುತ್ತಿದ್ದಿತು. ತುಂಬಿದ ತೊಟ್ಟಿಯಲ್ಲಿ 140 ಮೈಲಿಯ ಧೈರ್ಯ.

ನೆರೆಯವರ ಬಂಡಿಗಳು ತನ್ನದನ್ನು ಹಿಂದೆ ಹಾಕುವುದನ್ನು ಸಹಿಸದೆ ಅವನು ಒಂದು ಹೊಸ ಕೊಳವೆಯನ್ನು ಕೊಂಡು ತಂದನು. ಅದರೊಡನೆ ಬಂದ ಕಾಗದದಲ್ಲಿ, ಮೇನ್ ಜೆಟ್ಟನ್ನು 300ರಿಂದ 320ಕ್ಕೆ ಏರಿಸಬೇಕೆಂದೂ, ಕಡುಚಳಿಯಲ್ಲಿ 330 ಬೇಕೆಂದೂ, ಕ್ಲಚ್ಚಿನೊಳಗಣ ತೂಕಗಳನ್ನು ಬದಲಾಯಿಸಬೇಕೆಂದೂ ಬರೆದಿತ್ತು. ತರುಣನು ಜೆಟ್ಟನ್ನು ಬದಲಾಯಿಸಿದನು. ಕ್ಲಚ್ಚಿನ ಮಾತನ್ನು ಮುಂದಕ್ಕೆ ಹಾಕಿದನು. ಬಂಡಿಯು ಹೊಸ ಕಂಠದಿಂದ ಗರ್ಜಿಸಿತು. ಆದರೆ ವಾರ ಕಳೆದು ಲೆಕ್ಕ ನೋಡಿದಾಗ ಗ್ಯಾಲನ್ನಿಗೆ 10 ಮೈಲಿಯೇ ಬಂದಿತ್ತು. 140 ಮೈಲಿಯ ಧೈರ್ಯವು 110ಕ್ಕೆ ಇಳಿದಿತ್ತು. ಬಲವೂ ಬೇಕು, ಮೊದಲಿನ ಮೈಲಿಯೂ ಬೇಕು ಎಂದು ಅವನ ಮನಸ್ಸು ಹಂಬಲಿಸಿತು. ಪೆಟ್ರೋಲು ಕೊಡುವುದು ಜೆಟ್ಟಲ್ಲವೆ, ಅದನ್ನೇ ಬಿಗಿಹಿಡಿದರಾಯಿತು ಎಂದು ಬಗೆದು, ಹಿಮ ಸ್ವಲ್ಪ ಸಡಿಲಿದ ಒಂದು ಮಧ್ಯಾಹ್ನ, ಶೂನ್ಯಕ್ಕಿಂತ 5 ಡಿಗ್ರಿ ಕೆಳಗಿದ್ದಾಗ, 320ನ್ನು ತೆಗೆದು 290ನ್ನು ಹಾಕಿದನು. ಹತ್ತಾರು ಮೈಲಿ ಓಡಿಸಿ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದನು. ಅದರ ಮೂತಿ ಹಾಲು ಹಾಕಿದ ಚಹದ ಬಣ್ಣಕ್ಕಿತ್ತು. ಕಪ್ಪಾದರೆ ಪೆಟ್ರೋಲು ಹೆಚ್ಚು, ಬಿಳಿಚಿದರೆ ಕಡಮೆ, ಕಂದಾದರೆ ಸರಿ ಎಂಬುದು ಆ ವಿದ್ಯೆಯ ಮೊದಲ ಪಾಠ. ತರುಣನಿಗೆ ಪರಮ ಸಂತೋಷವಾಯಿತು.

ಮೂರು ದಿನಗಳ ಮೇಲೆ ಉತ್ತರದ ಗಾಳಿ ಬೀಸಿ ಆಕಾಶವು ತಿಳಿಯಾಯಿತು. ಸಂಜೆಗೆ ಶೀತವು ಶೂನ್ಯಕ್ಕಿಂತ 30 ಡಿಗ್ರಿ ಕೆಳಕ್ಕೆ ಇಳಿಯಿತು. ಸರೋವರದಾಚೆಯ ಬಂಧುಗಳ ಮನೆಗೆ ಒಬ್ಬನೇ ಹೊರಟ ತರುಣನು, ಬಯಲಿನಂತೆ ಸಮವಾದ ಮಂಜುಗಡ್ಡೆಯನ್ನು ಕಂಡು ಕೈಪಿಡಿಯನ್ನು ಪೂರ್ಣ ಒತ್ತಿ ಹಿಡಿದನು. ಕಾಡಿನ ದಾರಿಯಲ್ಲಿ ಪೂರ್ಣವೇಗವೆಂಬುದು ಎರಡು ಮೂರು ಸೆಕೆಂಡಿನ ಮಾತು. ತಿರುವು ಬರುವುದು, ಯಂತ್ರಕ್ಕೆ ಬಿಡುವು ಸಿಕ್ಕುವುದು. ಸರೋವರದ ಮೇಲೆ ಬಿಡುವಿಲ್ಲ. ಕೆಲವು ನಿಮಿಷಗಳಲ್ಲಿ ಯಂತ್ರದ ಸ್ವರವು ಏರಿ ತೀಕ್ಷ್ಣವಾಯಿತು, ಬಂಡಿಯು ಎಂದಿಗಿಂತಲೂ ಚುರುಕಾಗಿ ಓಡಿತು. ಮರುಕ್ಷಣವೇ ಒಳಗೆ ಏನೋ ಹಿಡಿದು ಹಾಕಿದಂತಾಗಿ, ರಬ್ಬರಿನ ಪಟ್ಟಿ ಕಚ್ಚಿಕೊಂಡು, ಬಂಡಿ ಜಾರಿ ನಿಂತಿತು. ಆಮೇಲೆ ಮೌನ.

ಆ ಶೀತದಲ್ಲಿ ಗಂಟೆಗೆ 50 ಕಿಲೋಮೀಟರಿನ ಗಾಳಿಯು ಮೈಗೆ ತಗುಲಿದರೆ ಶೂನ್ಯಕ್ಕಿಂತ 49 ಡಿಗ್ರಿ ಕೆಳಗಿನ ಚಳಿಯಂತೆ ಕೊರೆಯುವುದು. ತೆರೆದಿಟ್ಟ ಚರ್ಮವು ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಬಲ್ಲುದು. ಯಂತ್ರವು ಬದುಕಿರುವಾಗ ಅದರ ಬಿಸಿಯು ಸವಾರನ ಅಂಗೈಗೂ ಕಾಲಿಗೂ ತಗುಲುತ್ತಿರುವುದು. ಅದು ಸತ್ತರೆ ಅವನಿಗೆ ಒಲೆಯೂ ಆರಿದಂತೆಯೇ. ತರುಣನು ದೂರದಲ್ಲಿ ಕಂಡ ಮೀನುಗಾರರ ಗುಡಿಸಲಿನ ದೀಪವನ್ನು ಗುರಿಯಾಗಿಟ್ಟುಕೊಂಡು ಎರಡು ಮೈಲಿ ನಡೆದನು. ಪ್ರಾಣ ಉಳಿಯಿತು. ಎಡಗೈಯ ಎರಡು ಬೆರಳುಗಳ ತುದಿ ಮಾತ್ರ ಕಪ್ಪಾಗಿ, ಬೇಸಗೆ ಬರುವ ವರೆಗೂ ಮೊದಲಿನಂತಾಗಲಿಲ್ಲ.

ಮರುದಿನ ಊರಿನ ವೃದ್ಧನಾದ ಮೆಕ್ಯಾನಿಕನು ಸಿಲಿಂಡರಿನ ತಲೆಯನ್ನು ಬಿಚ್ಚಿದನು. ಪಿಸ್ಟನ್ನಿನ ನೆತ್ತಿಯಲ್ಲಿ, ಹೊಗೆಯ ಕಿಂಡಿಯ ಕಡೆ, ಮೇಣದ ಬತ್ತಿ ಕರಗಿದಂತೆ ಲೋಹ ಕರಗಿ ತೂತಾಗಿತ್ತು. ವೃದ್ಧನು ಬೈಯಲಿಲ್ಲ.

“ಮಗು, ಈ ಜೆಟ್ಟನ್ನು ಏತಕ್ಕೆ ಇಳಿಸಿದೆ?”

“ಪೆಟ್ರೋಲು ಉಳಿಯಲೆಂದು.”

“ಉಳಿಯಿತೆ?”

ತರುಣನು ಲೆಕ್ಕವನ್ನು ನೆನೆದುಕೊಂಡನು. 10 ಮೈಲಿ ಹತ್ತೂಕಾಲು ಆಗಿತ್ತು, ಅಷ್ಟೆ. ವೃದ್ಧನು ಹೇಳಿದನು: “ನೀನು ದಿನವೂ ಕಾಡಿನ ದಾರಿಯಲ್ಲಿ ಓಡಿಸುವುದು ಅರ್ಧ ಕೈಪಿಡಿಯಲ್ಲಿ. ಅಲ್ಲಿ ಪೆಟ್ರೋಲು ಕೊಡುವುದು ಸೂಜಿ. ನೀನು ಬಿಗಿದದ್ದು ಮೇನ್ ಜೆಟ್ಟನ್ನು. ಖರ್ಚು ಮಾಡುವವನನ್ನು ಬಿಟ್ಟು, ಆಪತ್ತಿಗೆ ಒದಗುವವನ ಕೈ ಕಟ್ಟಿದೆ.”

ಈ ಮಾತಿನಲ್ಲಿ ಇಡಿಯ ಶಾಸ್ತ್ರವೇ ಅಡಗಿದೆ. ಪೆಟ್ರೋಲು ಸಂಪೂರ್ಣವಾಗಿ ಉರಿಯುವುದಕ್ಕೆ ತೂಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಸಾಕು. ಆದರೆ ಪೂರ್ಣವೇಗದಲ್ಲಿ ಯಂತ್ರಕ್ಕೆ ಅದಕ್ಕಿಂತ ಹೆಚ್ಚು ಪೆಟ್ರೋಲನ್ನು ಬೇಕೆಂದೇ ಕೊಡುವರು. ಹೆಚ್ಚಾದ ಹನಿಗಳು ಉರಿಯುವುದಕ್ಕಲ್ಲ. ಆವಿಯಾಗುತ್ತ ಒಳಗಿನ ತಾಪವನ್ನು ಹೀರುವುದಕ್ಕೆ. ಪಿಸ್ಟನ್ನು ಅಲ್ಯುಮಿನಿಯಮ್ಮಿನ ಮಿಶ್ರಲೋಹದ್ದು. ಶುದ್ಧ ಅಲ್ಯುಮಿನಿಯಮ್ಮೇ 660 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿಹೋಗುವುದು. ಸಿಲಿಂಡರಿನೊಳಗಣ ಜ್ವಾಲೆಯ ತಾಪವು ಅದಕ್ಕಿಂತ ಬಹಳ ಹೆಚ್ಚು. ಹೀಗಿರುವಲ್ಲಿ ಲೋಹವು ಕರಗದೆ ನಿಲ್ಲುವುದು ಪ್ರತಿ ಸುತ್ತಿನಲ್ಲಿಯೂ ಬಂದು ತಂಪೆರೆದು ಹೋಗುವ ಹೊಸ ಮಿಶ್ರಣದ ಕೃಪೆಯಿಂದಲೂ. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುವ ಹಳೆಯ ಬಂಡಿಗಳಲ್ಲಿ ಪೆಟ್ರೋಲನ್ನು ಕಡಮೆ ಮಾಡಿದರೆ ಎಣ್ಣೆಯನ್ನೂ ಕಡಮೆ ಮಾಡಿದಂತೆ. ಮಿಶ್ರಣ ತೆಳುವಾದಾಗ ಕರಗುವ ಮುನ್ನ ಯಂತ್ರವು ಚುರುಕಾಗಿ ಓಡುವುದು ಈ ವಿಷಯದ ಅತ್ಯಂತ ಮೋಸದ ಅಂಶ. ಅಪಾಯವು ಉಪಕಾರದ ವೇಷದಲ್ಲಿ ಬರುವುದು.

ಮಿತವ್ಯಯವೂ ಲೋಭವೂ ಹೊರಗಿನಿಂದ ನೋಡಿದರೆ ಒಂದೇ ಬಗೆಯವು. ಎರಡೂ ಕೈಯನ್ನು ಬಿಗಿಹಿಡಿಯುತ್ತವೆ. ವ್ಯತ್ಯಾಸವಿರುವುದು ತಿಳಿವಳಿಕೆಯಲ್ಲಿ. ಮಿತವ್ಯಯಿಯು ಯಾವ ಖರ್ಚು ಯಾತಕ್ಕಾಗಿ ಆಗುತ್ತಿದೆಯೆಂದು ಅರಿತು ವ್ಯರ್ಥವಾದುದನ್ನು ಮಾತ್ರ ನಿಲ್ಲಿಸುವನು. ಲೋಭಿಯು ಎದುರಿಗೆ ಸಿಕ್ಕಿದ ಖರ್ಚನ್ನು ನಿಲ್ಲಿಸುವನು. ತರುಣನ ಲೆಕ್ಕವನ್ನೇ ನೋಡಬಹುದು. ಒಂದು ಚಳಿಗಾಲದಲ್ಲಿ ಅವನು 1,000 ಮೈಲಿ ಓಡಿಸಿದರೆ, ಗ್ಯಾಲನ್ನಿಗೆ 13 ಮೈಲಿಯಂತೆ 77 ಗ್ಯಾಲನ್, 10 ಮೈಲಿಯಂತೆ 100 ಗ್ಯಾಲನ್. ಅಂತರವು 23 ಗ್ಯಾಲನ್. ಹೊಸ ಪಿಸ್ಟನ್ನಿಗೂ ಸಿಲಿಂಡರಿಗೂ ಆದ ವೆಚ್ಚವು ಇದರ ಎಷ್ಟೋ ಪಾಲು. ಬೆರಳುಗಳ ಬೆಲೆಯನ್ನು ಯಾವ ಪುಸ್ತಕದಲ್ಲಿ ಬರೆಯತಕ್ಕದ್ದು?

ಹಾಗಾದರೆ ಹೊಸ ಕೊಳವೆ ಹಾಕಿದವನಿಗೆ ಮೈಲಿಯ ಆಸೆಯೇ ಕೂಡದೆ? ಹಾಗಲ್ಲ, ಅದಕ್ಕೂ ಕ್ರಮವುಂಟು. ಆ ವೃದ್ಧನು ಅದನ್ನೇ ಮಾಡಿ ತೋರಿಸಿದನು. ಮೊದಲು 330ರ ಜೆಟ್ಟನ್ನು ಹಾಕಿ ಯಂತ್ರಕ್ಕೆ ಅಭಯವನ್ನು ಕೊಟ್ಟನು. ತರುವಾಯ ಕ್ಲಚ್ಚನ್ನು ಬಿಚ್ಚಿದನು. ಹಿಮವಾಹನದಲ್ಲಿ ಗೇರುಗಳನ್ನು ಕೈಯಿಂದ ಬದಲಾಯಿಸುವ ಕ್ರಮವಿಲ್ಲ. ಎರಡು ಕಪ್ಪಿಗಳ ನಡುವೆ ಓಡುವ ಪಟ್ಟಿಯೊಂದು, ತೂಕ ಮತ್ತು ಸ್ಪ್ರಿಂಗುಗಳ ಆಜ್ಞೆಯಂತೆ ಹತ್ತಿ ಇಳಿದು, ಯಂತ್ರವನ್ನು ಒಂದು ನಿಯತವಾದ ವೇಗದಲ್ಲಿ ನಿಲ್ಲಿಸುವುದು. ಹೊಸ ಕೊಳವೆಯ ಅಲೆಯು ಫಲಿಸುವುದು ನಿಮಿಷಕ್ಕೆ 8,300 ಸುತ್ತಿನಲ್ಲಿ. ಹಳೆಯ ತೂಕಗಳು ಯಂತ್ರವನ್ನು 7,900ರಲ್ಲಿಯೇ ತಡೆದಿದ್ದುವು. ಕೊಂಡ ಬಲವೂ ಸಿಕ್ಕದೆ, ಕೊಳವೆಗೆ ಚೆಲ್ಲಿದ ಮಿಶ್ರಣವು ಸರಿಯಾದ ಹೊತ್ತಿಗೆ ಹಿಂದಿರುಗದೆ, ಪೆಟ್ರೋಲು ಹೊಗೆಯೊಡನೆ ಹೊರಗೆ ಹೋಗುತ್ತಿದ್ದುದು ಇದರಿಂದ. ತೂಕಗಳನ್ನು ತಿದ್ದಿದ ಮೇಲೆ ವೃದ್ಧನು ಸೂಜಿಯ ಕೊಂಡಿಯನ್ನು ಒಂದೇ ಒಂದು ಗೀರಿನಷ್ಟು ಸರಿಸಿ, ಅರ್ಧ ಕೈಪಿಡಿಯಲ್ಲಿ ಓಡಿಸಿ, ಅಲ್ಲಿಯೇ ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನು ಬಿಚ್ಚಿ ನೋಡಿದನು. ಪರೀಕ್ಷೆ ಯಾವ ವೇಗದ್ದೋ ಪ್ಲಗ್ಗನ್ನು ಆ ವೇಗದಿಂದಲೇ ನಿಲ್ಲಿಸಿ ನೋಡಬೇಕೆಂಬುದನ್ನು ತರುಣನು ಆಗ ಕಲಿತನು. ಬಂಡಿಯು ಗ್ಯಾಲನ್ನಿಗೆ ಹನ್ನೊಂದೂವರೆ ಮೈಲಿ ಕೊಟ್ಟಿತು. ಹದಿಮೂರು ಮರಳಿ ಬರಲಿಲ್ಲ. “ಅದು ನೀನು ಕೊಂಡ ಕುದುರೆಗಳ ಹುಲ್ಲು” ಎಂದು ವೃದ್ಧನು ನಕ್ಕನು.

ಕೊಳವೆಯ ಲೆಕ್ಕಪುಸ್ತಕದಲ್ಲಿ ಇನ್ನೊಂದು ಬಾಬೂ ಉಂಟು. ಅದನ್ನು ತೆರತಕ್ಕವರು ಸವಾರರಲ್ಲ, ನೆರೆಯವರು. 1975ರ ಫೆಬ್ರವರಿಯ ತರುವಾಯ ಅಮೆರಿಕದಲ್ಲಿ ತಯಾರಕರು ತಮ್ಮ ಹಿಮವಾಹನಗಳ ಸದ್ದು ಪೂರ್ಣವೇಗದಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್ಲನ್ನು ಮೀರದಂತೆ ಕಟ್ಟಬೇಕೆಂಬ ನಿಯಮಕ್ಕೆ ಒಳಪಟ್ಟರು. ಹೊರಗಿನ ಕೊಳವೆಗಳಲ್ಲಿ ಅನೇಕವು ಈ ಮಿತಿಯನ್ನು ಲೆಕ್ಕಿಸುವುದಿಲ್ಲ. ಆ ಸೀಮೆಗಳಲ್ಲಿ ಹಿಮದ ದಾರಿಗಳು ಬಹಳಷ್ಟು ರೈತರ ಹೊಲಗಳ ಮೇಲೆ, ಅವರ ಅನುಮತಿಯಿಂದ ಹಾಯುತ್ತವೆ. ನಡುರಾತ್ರಿಯಲ್ಲಿ ಗರ್ಜಿಸುತ್ತ ಹೋಗುವ ಒಬ್ಬನ ಸುಖಕ್ಕಾಗಿ ರೈತನು ಬೇಲಿಯನ್ನು ಮುಚ್ಚಿದರೆ, ನೂರು ಮಂದಿಯ ದಾರಿ ಮುಚ್ಚಿದಂತೆ. ದಾರಿ ಸುತ್ತಾದರೆ ಗ್ಯಾಲನ್ನಿನ ಲೆಕ್ಕವೂ ಸುತ್ತಾಗುವುದು.

ನಿಜವಾದ ಉಳಿತಾಯವು ಬಂದುದು ಬೇರೊಂದು ಮಾರ್ಗದಿಂದ. ಹಳೆಯ ಬಗೆಯ ಟೂ-ಸ್ಟ್ರೋಕ್ ಯಂತ್ರಗಳಲ್ಲಿ ಕುಡಿದ ಪೆಟ್ರೋಲಿನ ಕಾಲುಭಾಗಕ್ಕೂ ಮೇಲ್ಪಟ್ಟು ಉರಿಯದೆಯೇ ಹೊಗೆಯೊಡನೆ ಹೊರಟುಹೋಗಬಲ್ಲುದೆಂಬುದು ಬಹುಕಾಲದಿಂದ ತಿಳಿದಿತ್ತು. 2002ರಲ್ಲಿ ಅಮೆರಿಕದ ಸರ್ಕಾರವು ಹಿಮವಾಹನಗಳ ಹೊಗೆಯ ಮೇಲೆ ನಿಬಂಧನೆಗಳನ್ನು ವಿಧಿಸಿ, 2006ರಿಂದ ಅವುಗಳನ್ನು ಹಂತಹಂತವಾಗಿ ಆಚರಣೆಗೆ ತಂದಿತು. ಆಗ ಶಿಲ್ಪಿಗಳು ಪೆಟ್ರೋಲನ್ನು ಬಿಗಿಹಿಡಿಯಲಿಲ್ಲ. ಅದನ್ನು ಕೊಡುವ ಹೊತ್ತನ್ನು ಬದಲಾಯಿಸಿದರು. ಹೊಗೆಯ ಕಿಂಡಿ ಮುಚ್ಚುವ ಹೊತ್ತಿಗೆ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸಿದರೆ ಚೆಲ್ಲಿಹೋಗುವುದಕ್ಕೆ ಅವಕಾಶವೇ ಇಲ್ಲ. ಇಂಥ ಯಂತ್ರಗಳಲ್ಲಿ ಗಾಳಿಯ ಶೀತವನ್ನೂ ಒತ್ತಡವನ್ನೂ ಕ್ಷಣಕ್ಷಣಕ್ಕೆ ಅಳೆದು ಪೆಟ್ರೋಲಿನ ಪ್ರಮಾಣವನ್ನು ನಿರ್ಣಯಿಸುವ ಕಂಪ್ಯೂಟರು ಇರುವುದು. ಹಿತ್ತಾಳೆಯ ಚೂರುಗಳನ್ನು ಮಂಜಿನಲ್ಲಿ ಕೈ ಮರಗಟ್ಟಿಸಿಕೊಂಡು ಬದಲಾಯಿಸುವ ಕಷ್ಟ ತಪ್ಪಿತು. ಆದರೂ ಹೊರಗಿನ ಕೊಳವೆಯನ್ನು ಹಾಕಿದವನು ಆ ಕಂಪ್ಯೂಟರಿಗೂ ಹೊಸ ಲೆಕ್ಕವನ್ನು ಕಲಿಸಬೇಕು. ಉಪಕರಣ ಬದಲಾದರೂ ನಿಯಮವು ಬದಲಾಗಲಿಲ್ಲ.

ಮೈಲಿಯ ಲೆಕ್ಕವು ವಿನೋದಕ್ಕಾಗಿ ಸವಾರಿ ಮಾಡುವವರಿಗೆ ಒಂದು ಮಾತು. ಅದನ್ನೇ ಬಾಳಾಗಿ ಮಾಡಿಕೊಂಡವರಿಗೆ ಬೇರೊಂದು. ಫಿನ್‌ಲೆಂಡಿನ ಈಶಾನ್ಯ ಮೂಲೆಯಲ್ಲಿ ಹಿಮಸಾರಂಗಗಳನ್ನು ಸಾಕಿ ಜೀವಿಸುವ ಸಾಮಿ ಜನರಿದ್ದಾರೆ. 1960ರ ದಶಕದ ಮೊದಲಲ್ಲಿ ಹಿಮವಾಹನವು ಅವರ ನಡುವೆ ಬಂದಿತು. ಮಂದೆಯನ್ನು ಕೂಡಿಸುವ ಕೆಲಸವು ದಿನಗಳಿಂದ ಗಂಟೆಗಳಿಗೆ ಇಳಿಯಿತು. ಆದರೆ ಬಂಡಿ ಎಳೆಯುವ ಸಾರಂಗವು ಹಿಮದ ಕೆಳಗಿನ ಪಾಚಿಯನ್ನು ಕೆದಕಿ ತಿಂದು ಬದುಕುತ್ತಿತ್ತು. ಹೊಸ ವಾಹನಕ್ಕೆ ದೂರದ ದೇಶದಿಂದ ಬಂದ ಎಣ್ಣೆಯೂ, ಅದನ್ನು ಕೊಳ್ಳುವುದಕ್ಕೆ ರೊಕ್ಕವೂ ಬೇಕಾಯಿತು. ಪೆರ್ಟಿ ಪೆಲ್ಟೊ ಎಂಬ ವಿದ್ವಾಂಸನು 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪರಿವರ್ತನೆಯನ್ನು ವಿಸ್ತಾರವಾಗಿ ವಿವರಿಸಿದ್ದಾನೆ. ಅಂಥ ಬಾಳಿನಲ್ಲಿ ಗ್ಯಾಲನ್ನಿಗೆ ಮೂರು ಮೈಲಿ ಹೆಚ್ಚೋ ಕಡಮೆಯೋ ಎಂಬುದು ಪಂದ್ಯದ ಮಾತಲ್ಲ, ಅನ್ನದ ಮಾತು.

ಹೊರಗೆ ಬಿಡುವುದನ್ನು ಬದಲಾಯಿಸಿದವನು ಒಳಗೆ ತೆಗೆದುಕೊಳ್ಳುವುದನ್ನೂ ಬದಲಾಯಿಸಬೇಕು. ಎರಡನ್ನೂ ಬದಲಾಯಿಸಿದವನು ಅದರ ಬೆಲೆಯನ್ನು ಸಂತೋಷದಿಂದ ತೆರಬೇಕು. ವಾಲ್‌ಕೂರಿನ ತಂದೆಯೊಬ್ಬನ ದುಃಖವನ್ನು ಕಂಡ ಈ ವಾಹನವು, ಹಿಮದಲ್ಲಿ ಸಿಕ್ಕಿಬಿದ್ದವರನ್ನು ಮನೆಗೆ ಮುಟ್ಟಿಸುವುದಕ್ಕಾಗಿ ಬೆಳೆದದ್ದು. ಮಿನೆಸೋಟದ ಆ ತರುಣನು ಈಗಲೂ ಹೊಸ ಕೊಳವೆಯ ಬಂಡಿಯನ್ನೇ ಓಡಿಸುತ್ತಾನೆಂದು ಭಾವಿಸಬಹುದು. ಅಂಗಿಯ ಒಳಜೇಬಿನಲ್ಲಿ ಸಣ್ಣ ಡಬ್ಬಿಯೊಂದರಲ್ಲಿ ನಾಲ್ಕಾರು ಜೆಟ್ಟುಗಳನ್ನು ಇಟ್ಟುಕೊಂಡು, ಹೊರಡುವ ಮುನ್ನ ಬಾಗಿಲ ಬಳಿಯ ಉಷ್ಣಮಾಪಕವನ್ನು ನೋಡಿ, ಜೊತೆಗೊಬ್ಬನನ್ನು ಕರೆದುಕೊಂಡೇ ಸರೋವರಕ್ಕೆ ಇಳಿಯುತ್ತಾನೆ.